ಎರಡನೆಯ ಸಾಕ್ಷಿ

"ಸರೀರಿ, ಸರೀರಿ, ಕಾಲು ಜಾರ್ತಾವ!" ಎನ್ನುತ್ತ ಹಮಾಲಿ ಸೈದಪ್ಪ ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರುತ್ತಿದ್ದ. ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದ ಜಲಜಾಕ್ಷಿ ಗೋಡೆಗೆ ಒತ್ತಿ ನಿಂತಳು. ತಣ್ಣನೆಯ ನೀರು ಅವಳ ಸೀರೆಯ ಮೇಲೆ ತೊಟ್ಟಿಕ್ಕಿತು. ನೌಪಾಡಾದ ಈ ಮೆಟ್ಟಿಲನ್ನು ಟೈಪಿಸ್ಟಾಗಿ ಹದಿನಾಲ್ಕು ವರ್ಷ ಹತ್ತಿಳಿದವಳಿಗೆ ಇವತ್ತು ಕಾಲೇ ಏಳಲಿಲ್ಲ. ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಈಗ ಯಾವ ಮುಖ ಹೊತ್ತು ಒಳಗೆ ಹೋಗುವುದು?

ಮುಂದಿನ ಕೋಣೆ ಸರ್ವೋತ್ತಮ ರಾಯರ ಆಫೀಸು, ಹಿಂದಿನದು ಮನೆ. ಇನ್‌ಕಮ್ ಟ್ಯಾಕ್ಸು, ವಿಲ್ಲು, ಪಾಲುಪಟ್ಟಿ ಎಂದು ಠಾಣೆ ಊರಿನ ಹೋಟೆಲಿನವರೆಲ್ಲ ಬಂದು ಕೂರುತ್ತಿದ್ದ ಆ ಮುಂದಿನ ಕೋಣೆಯಲ್ಲೇ, ಮೇಜನ್ನು ಗೋಡೆಗೆ ಸರಿಸಿ, ರಾಯರ ಹೆಣ ಮಲಗಿಸಿದ್ದರು. ಅವರಿಗೆ ಹೆಂಡತಿ ಮಕ್ಕಳಿಲ್ಲ. ತಲೆಯ ಹತ್ತಿರ ತಂಗಿ ಜಯಲತಾ ಕೂತಿದ್ದಳು.

"ಈಗ ಬಂದ್ಯಾ ಜಲಜಾ?" ಎಂದಳು. ಬೈದ ಮಾತಲ್ಲ, ಅತ್ತು ಸೋತ ಮಾತು. "ಆಸ್ಪತ್ರೆಯಲ್ಲಿ ಅಣ್ಣ ನಿನ್ನನ್ನು ಕೇಳಿದ. ಜಲಜಾ ಬಂದಳಾ, ಜಲಜಾ ಬಂದಳಾ ಅಂತ."

ಜಲಜಾಕ್ಷಿ ರಾಯರ ಕಾಲು ಮುಟ್ಟಿ ಪಕ್ಕಕ್ಕೆ ಸರಿದಳು.

ಬಾಗಿಲ ಬಳಿ ನಿಂತಿದ್ದ ಹೋಟೆಲಿನ ಗುಣಪಾಲ ಯಾರಿಗೋ ಹೇಳುತ್ತಿದ್ದ: "ಮಾರ್ಚಿನಲ್ಲಿ ಆ ಎಸ್ಟೇಟ್ ಡ್ಯೂಟಿ ತೆಗೆದ್ರಲ್ಲ, ಆವತ್ತು ರಾಯರು ನಗಾಡಿದ್ದೇ ನಗಾಡಿದ್ದು. ‘ಇನ್ನು ಸತ್ತವನ ಆಸ್ತಿಗೆ ತೆರಿಗೆ ಇಲ್ಲ ಗುಣಪಾಲ. ನನ್ನ ಅರ್ಧ ಅನ್ನ ಹೋಯ್ತು, ಆದ್ರೆ ಸಾಯ್ಲಿಕ್ಕೆ ಇದೇ ಒಳ್ಳೆ ವರ್ಷ’ ಅಂತ. ಮಾಡಿಯೇ ತೋರಿಸಿದ್ರು ಮಾರಾಯ್ರೆ."

*

ರಾಯರ ಆಫೀಸಿಗೊಂದು ಪದ್ಧತಿಯಿತ್ತು. ವಿಲ್ಲಿಗೆ ಇಬ್ಬರು ಸಾಕ್ಷಿ ಬೇಕು. ಮೊದಲ ಸಹಿ ಕೆಳಗಿನ ಮದ್ದಿನಂಗಡಿಯವನದು, ಎರಡನೆಯದು ಯಾವಾಗಲೂ ಜಲಜಾಕ್ಷಿಯದು. ಕೆಲಸಕ್ಕೆ ಸೇರಿದ ವಾರದಲ್ಲೇ ರಾಯರು ಹೇಳಿದ್ದರು: "ಕಾನೂನು ಏನೇ ಹೇಳಲಿ, ನಮ್ಮಲ್ಲಿ ಪಾಲು ಇದ್ದವರು ಸಾಕ್ಷಿ ಹಾಕುವ ಹಾಗಿಲ್ಲ. ಒಂದು ಚಮಚ ಬರುವುದಿದ್ದರೂ ಹಾಗಿಲ್ಲ. ನಾಳೆ ಕೋರ್ಟಿನಲ್ಲಿ, ಇವಳೇ ಬರೆಸಿಕೊಂಡದ್ದು ಅಂತಾರೆ."

ಡೊಂಬಿವಲಿಯ ಒಂದೇ ಕೋಣೆಯಲ್ಲಿ ಕಾಯಿಲೆಯ ತಾಯಿಯನ್ನು ನೋಡಿಕೊಂಡಿದ್ದ ಜಲಜಾಕ್ಷಿಗೆ ಯಾರ ಆಸ್ತಿಯಲ್ಲೂ ಪಾಲಿರಲಿಲ್ಲ. ಹಾಗಾಗಿ ಊರಿಗೆಲ್ಲ ಅವಳೇ ಸಾಕ್ಷಿ. ಅಷ್ಟು ದೊಡ್ಡ ದೊಡ್ಡ ಜನರ ಗುಟ್ಟಿನ ಕೆಳಗೆ ತನ್ನ ಹೆಸರಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ಜಂಬವೂ ಇತ್ತೆನ್ನಿ.

ಏಪ್ರಿಲ್‌ನಲ್ಲಿ ಗುಣಪಾಲನ ವಿಲ್ಲಿನ ಸುದ್ದಿ ಹೊರಬಿತ್ತು. ಅದರಲ್ಲಿ ತನಗೆ ಪಾಲಿಲ್ಲವೆಂದು ತಿಳಿದ ಅವನ ತಮ್ಮ ಆಫೀಸಿಗೆ ನುಗ್ಗಿ, "ಟೈಪ್ ಮಾಡಿದವಳೇ ಬಾಯಿ ಬಿಟ್ಟದ್ದು" ಎಂದು ರಂಪ ಮಾಡಿದ. ರಾಯರು ಅವನನ್ನು ಹೊರಗಟ್ಟಿದರು. ಆದರೆ ಜಲಜಾಕ್ಷಿಗೆ ಹೀಗೆಂದೂ ಹೇಳಲಿಲ್ಲ, ಹಾಗೆಂದೂ ಹೇಳಲಿಲ್ಲ. ಅವರ ಸ್ವಭಾವವೇ ಅಷ್ಟು. ಎಂಟು ದಿನ ಕಳೆದ ಮೇಲೆ ತಮ್ಮದೇ ವಿಲ್ಲು ಬರೆಯಲು ಕೂತರು. ಟೈಪಿಗೆ ಕೊಡದೆ ಕೈಯಲ್ಲೇ ಬರೆದರು. ಮದ್ದಿನಂಗಡಿಯವನು ಬಂದು ಸಹಿ ಹಾಕಿದ. ಜಲಜಾಕ್ಷಿ ಎಂದಿನಂತೆ ಪೆನ್ನಿನ ಮುಚ್ಚಳ ತೆಗೆದು ಹತ್ತಿರ ಹೋದಳು.

ರಾಯರು ಕಾಗದದ ಮೇಲೆ ಅಂಗೈ ಮುಚ್ಚಿ ಹಿಡಿದರು. "ನೀನು ಬೇಡ. ಸೈದಪ್ಪನನ್ನು ಕರಿ."

ರಸ್ತೆಯಲ್ಲಿ ಮೂಟೆ ಹೊರುವ ಸೈದಪ್ಪ ಆಗುತ್ತಾನೆ, ತಾನಾಗುವುದಿಲ್ಲ! ಕರೆದು ಬಂದವಳು ಬ್ಯಾಗು ಎತ್ತಿಕೊಂಡು ಡೊಂಬಿವಲಿಯ ಲೋಕಲ್ ಹತ್ತಿದಳು, ದಾರಿಯುದ್ದಕ್ಕೂ ಅತ್ತಳು. ಮರುದಿನದಿಂದ ಬರಲಿಲ್ಲ. ರಾಯರು ಸೈದಪ್ಪನ ಕೈಯಲ್ಲಿ ಎರಡು ಸಲ ಹೇಳಿಕಳಿಸಿದರು. ಎರಡು ಸಲವೂ, "ಪುರುಸೊತ್ತಿಲ್ಲ ಅಂತ ಹೇಳು" ಎಂದಳು.

*

"ನೀನೂ ಹೋಗು ಜಲಜಾ," ಎಂದಳು ಜಯಲತಾ, ಹೆಣ ಎತ್ತುವಾಗ. "ಕಾಗದಪತ್ರದ್ದು ಈ ಗಂಡಸರಿಗೆ ಏನು ಗೊತ್ತುಂಟು?" ಹಾಗೆ ಡಾಕ್ಟರ ಸರ್ಟಿಫಿಕೇಟು ಹಿಡಿದು ಜಲಜಾಕ್ಷಿ ಚಟ್ಟದ ಹಿಂದೆ ನಡೆದಳು. ಗುಣಪಾಲ ಪಕ್ಕಕ್ಕೆ ಬಂದ.

"ಜಲಜಕ್ಕ, ನಿಮಗೊಂದು ಮಾತು ಹೇಳ್ಲಿಕ್ಕುಂಟು. ಆ ವಿಲ್ಲಿನ ಸುದ್ದಿ ನನ್ನ ಬಾಯಿಂದಲೇ ಹೋದದ್ದು. ಒಂದು ಮದುವೆಯಲ್ಲಿ ಸ್ವಲ್ಪ ಕುಡಿದಿದ್ದೆ. ತಮ್ಮ ರಂಪ ಮಾಡಿದ ಮರುದಿನವೇ ಬಂದು ರಾಯರ ಹತ್ರ ತಪ್ಪಾಯ್ತು ಅಂದೆ."

"ರಾಯರು ಏನಂದ್ರು?"

"‘ಜಲಜನ ಬಾಯಿ ನನಗೆ ಗೊತ್ತಿಲ್ವಾ ಗುಣಪಾಲ’ ಅಂದ್ರು."

ಜಲಜಾಕ್ಷಿ ನಡೆಯುತ್ತಲೇ ಇದ್ದಳು. ಹಾಗಾದರೆ ಅವರಿಗೆ ಅನುಮಾನವೇ ಇರಲಿಲ್ಲ. ಅನುಮಾನವಿಲ್ಲದೆಯೂ ಬೇಡ ಎಂದರೆ? ಅದು ಇನ್ನೂ ಹೆಚ್ಚು ನೋಯಿಸಿತು.

ಸ್ಮಶಾನದಲ್ಲಿ ಚಟ್ಟ ಇಳಿಸಿ ಸೈದಪ್ಪ ಹೆಗಲು ಉಜ್ಜಿಕೊಳ್ಳುತ್ತ ಅವಳೆದುರು ಬಂದು ನಿಂತ. "ಅಕ್ಕಾರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅಕ್ಕಾರು ಇರೂಮುಂದ ನನ್ನ ಕಡೆ ಯಾಕ ಸಹಿ ಮಾಡಸ್ತೀರಿ ಅಂತ ನಾನೂ ಸಾಹೇಬ್ರಿಗೆ ಕೇಳೀನಿ. ‘ಈ ಒಂದು ಕಾಗದಕ್ಕ ಆಕಿ ಸಾಕ್ಷಿ ಆಗಾಂಗಿಲ್ಲೋ ಸೈದಪ್ಪಾ’ ಅಂತ ನಕ್ಕರು. ಯಾಕ ಆಗಾಂಗಿಲ್ಲೋ, ನನಗಂತೂ ತಿಳೀಲಿಲ್ಲ ನೋಡ್ರಿ."

ಜಲಜಾಕ್ಷಿಗೆ ತಿಳಿಯಿತು. ಹದಿನಾಲ್ಕು ವರ್ಷ ಬಂದವರಿಗೆಲ್ಲ ತಾನೇ ಒಪ್ಪಿಸುತ್ತಿದ್ದ ಪಾಠ ಅದು. ಪಾಲು ಇದ್ದವರು ಸಾಕ್ಷಿ ಹಾಕುವ ಹಾಗಿಲ್ಲ. ತನಗೂ ಒಬ್ಬರು ಏನಾದರೂ ಬಿಟ್ಟು ಹೋಗಬಹುದು ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಬಿಟ್ಟದ್ದು ಹಳೆಯ ಟೈಪ್‌ರೈಟರೋ, ಮೇಜೋ, ಏನಾದರೂ ಆಗಲಿ. ಆ ಅಂಗೈಯ ಕೆಳಗೆ ಇದ್ದದ್ದು ತನ್ನ ಹೆಸರು. ಪುರುಸೊತ್ತಿಲ್ಲ ಅಂದೆನಲ್ಲ ದೇವರೇ, ಎರಡು ಸಲ ಅಂದೆನಲ್ಲ ಎಂದು ಅವಳು ಜನರೆದುರೇ ಬಿಕ್ಕಿ ಅತ್ತಳು.

ಸ್ಮಶಾನದ ಕಚೇರಿಯ ಕಿಟಕಿಯೊಳಗಿನ ಗುಮಾಸ್ತ ರಿಜಿಸ್ಟರು ತೆರೆದ. ಸಂಬಂಧಿಕರ ಸಾಲಿನಲ್ಲಿ ಜಯಲತಾಳ ಮಗ ಸಹಿ ಹಾಕಿದ, ಮೊದಲನೆಯ ಸಾಕ್ಷಿ ಗುಣಪಾಲ. "ದುಸರಾ ಸಾಕ್ಷೀದಾರ ಕೋಣ?" ಎಂದು ಗುಮಾಸ್ತ ಮರಾಠಿಯಲ್ಲಿ ಎರಡನೆಯ ಸಾಕ್ಷಿ ಯಾರೆಂದು ಕೇಳಿ ಪೆನ್ನು ಚಾಚಿದ.

"ಜಲಜಕ್ಕನೇ ಹಾಕ್ಲಿ, ಅವರಿಗೆ ಅಭ್ಯಾಸ ಉಂಟು," ಎಂದ ಗುಣಪಾಲ.

ಜಲಜಾಕ್ಷಿ ಪೆನ್ನು ತೆಗೆದುಕೊಂಡು ಬಗ್ಗಿದಳು. ನಿಬ್ಬು ಕಾಗದಕ್ಕೆ ತಾಗಿ ಒಂದು ಚುಕ್ಕೆ ಬಿತ್ತು. ಅಲ್ಲಿಗೆ ಕೈ ನಿಲ್ಲಿಸಿದಳು.

"ನಾನು ಹಾಕುವ ಹಾಗಿಲ್ಲ," ಎಂದಳು. "ಸೈದಪ್ಪ, ನೀನು ಬಾ."

ಸೈದಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಚುಕ್ಕೆಯ ಪಕ್ಕದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆಯತೊಡಗಿದ. ಗಾಳಿಗೆ ಹಾಳೆ ಮಗುಚದಂತೆ ಜಲಜಾಕ್ಷಿ ಅದರ ಮೇಲೆ ತನ್ನ ಅಂಗೈ ಇಟ್ಟು ಹಿಡಿದಳು.