ಇತ್ತ ತಿರುಗು, ನಿಲ್ಲು

ಸತ್ತವರನ್ನು ಕರೆಯುವುದು ಅಪರಾಧವೋ ಅಲ್ಲವೋ ಎಂಬುದನ್ನು ದೊಡ್ಡ ದೊಡ್ಡ ಪಂಡಿತರು ತೀರ್ಮಾನಿಸಬೇಕು. ಆದರೆ ತೀರ್ಮಾನಿಸಲು ಕೂತವರು ಒಬ್ಬ ಕ್ಷೌರಿಕ, ಒಬ್ಬ ಗಣಿತದ ಟೀಚರು, ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕುವ ಒಬ್ಬಳು ಹೆಂಗಸು, ಮತ್ತು ಒಬ್ಬರ ಮುಖ ಒಬ್ಬರು ಕಂಡಿರದ ಇನ್ನೊಂದು ಐವತ್ತು ಜನ. ಅದೂ ಭಾನುವಾರ ಮಧ್ಯಾಹ್ನ, ಕಂಪ್ಯೂಟರಿನ ಮಾಯಾಲೋಕದ ಆಟವೊಂದರ ಊರಚಾವಡಿಯಲ್ಲಿ. ನಗಬೇಡಿ. ಆ ಹೆಂಗಸಿಗೆ ಅದು ಆಟವಾಗಿರಲಿಲ್ಲ.

ಆಟದಲ್ಲಿ ಅವಳ ಹೆಸರು ಇಸ್ತ್ರಿ ಅಕ್ಕ. ಆ ಹೆಸರು ಇಟ್ಟವನು ಅವಳ ತಮ್ಮ. "ಬಟ್ಟೆ ಮಡಚೋದು ಬಿಟ್ಟು ಬೇರೇನಾದ್ರೂ ಕಲಿ ಮಾರಾಯ್ತಿ" ಎಂದು ಅವಳನ್ನು ಕೂರಿಸಿ, ಕತ್ತಿ ಹಿಡಿಯುವುದು, ಕುದುರೆ ಹತ್ತುವುದು ಎಲ್ಲ ಕಲಿಸಿದ್ದ. ತನಗೆ ಗಾಲಿ ಎಂದು ಹೆಸರಿಟ್ಟುಕೊಂಡಿದ್ದ. ಕಾಲಲ್ಲಿ ಚಕ್ರ ಇದೆ ನಿನಗೆ ಎಂದು ಅಮ್ಮ ಚಿಕ್ಕಂದಿನಿಂದ ಬೈಯುತ್ತಿದ್ದದ್ದನ್ನೇ ಬಿರುದು ಮಾಡಿಕೊಂಡ. ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸ ಹುಡುಕಿಕೊಂಡದ್ದೂ ಒಂದು ಕಡೆ ಕೂರಲಾಗದೆ. ಊಟವನ್ನೂ ಅಡುಗೆಮನೆಯಿಂದ ಬಾಗಿಲತನಕ ಓಡಾಡುತ್ತಲೇ ಮಾಡುತ್ತಿದ್ದ. ಇಪ್ಪತ್ತಮೂರು ತುಂಬುವ ಮುಂಚೆ, ಒಂದು ತಿರುವಿನಲ್ಲಿ, ಲಾರಿಯೊಂದು ಅವನನ್ನು ನಿಲ್ಲಿಸಿತು.

ಆ ಆಟದ ನಿಯಮ ಹೀಗೆ: ಆಡುವವನು ವರ್ಷವಿಡೀ ಬಾರದಿದ್ದರೆ ಅವನ ಪಾತ್ರ ನೆರಳಾಗುತ್ತದೆ. ಕರೆಮಂತ್ರ ಕಲಿತ ಯಾರೇ ಆದರೂ ಆ ನೆರಳನ್ನು ಕಾಲು ಗಂಟೆ ಕರೆಸಿಕೊಳ್ಳಬಹುದು. ಒಡೆಯ ಹೇಗೆ ನಡೆಯುತ್ತಿದ್ದ, ಎಲ್ಲಿ ಹಾರುತ್ತಿದ್ದ, ಏನು ಕಿತಾಪತಿ ಮಾಡುತ್ತಿದ್ದ ಎಂಬುದನ್ನೆಲ್ಲ ಯಂತ್ರ ನೋಡಿ ಇಟ್ಟುಕೊಂಡಿರುತ್ತದೆ. ನೆರಳು ಹಾಗೇ ಆಡುತ್ತದೆ. ನಿಯಮದ ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕರೆದವರಿಂದ ನೆರಳು ಕಲಿಯುತ್ತಾ ಹೋಗುತ್ತದೆ. ಅದನ್ನು ಓದಿ ಅಕ್ಕ ನಕ್ಕಿದ್ದಳು. ಶಾಲೆಯಲ್ಲಿ ಕಲಿಯದವನು ಈಗಲಾದರೂ ಕಲಿಯಲಿ ಎಂದುಕೊಂಡಿದ್ದಳು.

ಮೊದಲ ಸಲ ಕರೆದಾಗ ಗಾಲಿ ಬಂದ ರಭಸಕ್ಕೆ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಹುಬ್ಬಿನ ಮೇಲಿನ ಹಳೇ ಗಾಯದ ಗುರುತಿನ ಸಮೇತ ಅದೇ ಮುಖ. ಪಾತ್ರ ಕಟ್ಟುವಾಗ ಮೂರು ದಿನ ಕೂತು ತಿದ್ದಿದ್ದನಲ್ಲ. ಬಂದವನೇ ಬೀದಿಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿ ಓಡಿದ. ಸೇತುವೆಯನ್ನು ಸೇತುವೆಯ ಮೇಲೆ ದಾಟಲಿಲ್ಲ. ಅದರ ಕಟಕಟೆ ಹತ್ತಿ, ಕೈ ಚಾಚಿಕೊಂಡು, ಅಂಚಿನ ಮೇಲೇ ಓಡಿದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಅಮ್ಮನನ್ನು ಕರೆದಳು.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಅಮ್ಮನ ಕುರ್ಚಿ ಕಂಪ್ಯೂಟರಿನ ಮುಂದೆ. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದರೂ ಅಕ್ಷರ ಕಾಣದು, ಓಡುವ ಚಿತ್ರ ನೋಡಿದರೆ ತಲೆ ಸುತ್ತುತ್ತದೆ. "ಎಲ್ಲಿ ಹೋದ? ಬೆನ್ನು ಮಾತ್ರ ಕಾಣ್ತಿದೆ. ಸ್ವಲ್ಪ ಇತ್ತ ತಿರುಗಕ್ಕೆ ಹೇಳೇ, ಮುಖ ನೋಡ್ತೀನಿ" ಎನ್ನುತ್ತಿದ್ದಳು. ಅಕ್ಕ ಅಪ್ಪಣೆ ಬರೆಯುತ್ತಿದ್ದಳು: ಇತ್ತ ತಿರುಗು, ನಿಲ್ಲು. ಗಾಲಿ ತಿರುಗಿ ನಿಲ್ಲುತ್ತಿದ್ದ. ಅಮ್ಮ ಹತ್ತಿರ ಬಾಗಿ, ಕಾಲು ಗಂಟೆ ಮುಗಿಯುವ ತನಕ ನೋಡುತ್ತಿದ್ದಳು. ಬರಬರುತ್ತಾ ಮಂತ್ರ ಹಾಕಿದ ಕೂಡಲೇ, ಅವನು ಪೂರ್ತಿ ಮೂಡುವ ಮೊದಲೇ, ಅಕ್ಕನ ಬೆರಳು ತಾನಾಗಿ ಆ ಮೂರು ಪದ ಬರೆದು ಮುಗಿಸಿರುತ್ತಿತ್ತು. ಹೀಗೆ ಒಂದು ವರ್ಷವಾಯಿತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಈ ವಿಷಯ ಗೊತ್ತಿದ್ದದ್ದು ಒಬ್ಬಳಿಗೇ. ಇಸ್ತ್ರಿಯ ರೋಲರಿನಿಂದ ಹಬೆಯಾಡುತ್ತಾ ಹೊರಬರುವ ಹಾಸಿಗೆ ಬಟ್ಟೆಯನ್ನು ಮಡಚಲು ಇಬ್ಬರು ಬೇಕು. ಅಕ್ಕನ ಎದುರು ತುದಿ ಹಿಡಿಯುವವಳು ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಸ್ವಲ್ಪ ಜೋರು.

"ಕರೆದ್ರೆ ಬಂದ್ಬಿಡ್ತಾರಾ?" ಎಂದು ಅವಳು ಶನಿವಾರ ಕೇಳಿದಳು. "ನನ್ನ ಗಂಡ ಬದುಕಿದ್ದಾಗ್ಲೇ ಕರೆದ್ರೆ ಬರ್ತಿರ್ಲಿಲ್ಲ."

"ನಾಳೆಯಿಂದ ನಮ್ಮವನೂ ಬರಲ್ಲವೇನೋ. ಕರೆಮಂತ್ರ ಅಪರಾಧ ಮಾಡ್ಬೇಕು ಅಂತ ಪಂಚಾಯ್ತಿ ಇಟ್ಟಿದಾರೆ. ಮಾಡಿದ್ರೆ ಮಂತ್ರ ಕಿತ್ಕೊಂಡು, ಒಂದು ತಿಂಗಳು ಆಟದ ಜೈಲಿಗೆ ಹಾಕ್ತಾರೆ."

"ಜೈಲಾದ್ರೆ ಆಗ್ಲಿ, ಅಲ್ಲೇನು ಮುದ್ದೆ ಮುರೀಬೇಕಾ?"

"ಜೈಲಿಗೆ ಯಾರು ಹೆದರ್ತಾರೆ? ನಾಲ್ಕು ಗಂಟೆಗೆ ಅಮ್ಮಂಗೆ ಏನು ಹೇಳ್ಲಿ? ಅವನು ಇನ್ನೊಂದ್ಸಲ ಸತ್ತ ಅಂತ ಹೇಳ್ಲಾ?"

ಎದುರಿನವಳು ರೋಲರಿನಿಂದ ಬಂದ ಬಟ್ಟೆಯ ತುದಿ ಎಳೆದುಕೊಂಡಳು. ಕೈಯಲ್ಲಿದ್ದದ್ದು ಹಳೇ ಬಟ್ಟೆ. ಹಿಡಿದು ಒಮ್ಮೆ ಕೊಡವಿದ್ದೇ ತಡ, ತನ್ನ ಹಳೇ ಗೆರೆಯಲ್ಲಿ ತಾನೇ ಮಡಚಿಕೊಂಡಿತು. ಹೊಸ ಬಟ್ಟೆಯಾದರೆ ಗುದ್ದಾಡಬೇಕು, ಹಳೇದಕ್ಕೆ ಹೇಳಿಕೊಡಬೇಕಾಗಿಲ್ಲ ಎಂಬುದು ಆ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಅಕ್ಕ ಅದನ್ನು ಅಟ್ಟಿಯ ಮೇಲಿಟ್ಟು ಮುಂದಿನದಕ್ಕೆ ಕೈ ಹಾಕಿದಳು.

ಭಾನುವಾರ ಮೂರೂವರೆಗೆ ಚಾವಡಿ ತುಂಬಿತು. ಪಂಚನ ಪೀಠದಲ್ಲಿ ಕ್ಷೌರಿಕ ಕೂತಿದ್ದ. ಆಟದಲ್ಲಿ ಬಿಳೀ ಗಡ್ಡದ ಮುನಿ, ನಿಜದಲ್ಲಿ ಅಂಗಡಿಯಲ್ಲಿ ಭಾನುವಾರದ ಗಿರಾಕಿಗಳ ಸಾಲು. "ಒಂದ್ನಿಮಿಷ ಇರಿ, ಇಲ್ಲೊಬ್ಬರದು ಅರ್ಧ ಮೀಸೆ ಆಗಿದೆ" ಎಂದು ಬರೆದು ಮಾಯವಾದ. ಅಷ್ಟರಲ್ಲಿ ಯಾರೋ ಒಬ್ಬ, ಕರೆಯೋದು ಅಪರಾಧ ಆದರೆ ದೆವ್ವಗಳೆಲ್ಲ ಕೆಲಸ ಇಲ್ಲದೆ ಬೀದಿಗೆ ಬೀಳ್ತವೆ ಎಂದು ತಮಾಷೆ ಮಾಡಿದ. ನಾಲ್ಕು ಜನ ನಕ್ಕರು. ಅಕ್ಕನಿಗೆ ಮೈ ಉರಿಯಿತು.

ದೂರು ಕೊಟ್ಟವರು ಗಣಿತದ ಟೀಚರು. ಅವರ ಯಜಮಾನರ ನೆರಳನ್ನು ಯಾರೋ ಪುಂಡರು ತಿಂಗಳುಗಟ್ಟಲೆ ಕರೆದು, ಮೃಗಗಳ ಮುಂದೆ ಗುರಾಣಿಯಂತೆ ನಿಲ್ಲಿಸಿದ್ದರು.

"ಈಗ ಅವ್ರು ಯಾರನ್ನ ಕಂಡ್ರೂ ಮುಂದೆ ಹೋಗಿ ಅಡ್ಡ ನಿಲ್ತಾರೆ" ಎಂದು ಟೀಚರು ಬರೆದರು. "ಬದುಕಿದ್ದಾಗ ಜಿರಳೆ ಕಂಡ್ರೆ ನನ್ನ ಹಿಂದೆ ಬಚ್ಚಿಟ್ಕೊಳ್ತಿದ್ದ ಮನುಷ್ಯ. ಆ ಹೆದರಿಕೆ ಅವ್ರದ್ದು, ಅದನ್ನೂ ಕಿತ್ಕೊಂಡ್ರು. ಬರ್ತೀಯಾ ಅಂತ ಕೇಳಿ ಕರೆದ್ರಾ? ಬರಲ್ಲ ಅನ್ನೋಕೆ ಬಾಯಿಲ್ಲದವರನ್ನ ಕರೆಯೋದು ಅಪರಾಧ ಅಲ್ದೆ ಇನ್ನೇನು?"

ಅಕ್ಕನಿಗೆ ಪಾಪ ಅನ್ನಿಸಿತು. ಆದರೆ ಅದು ಪುಂಡರ ಕೆಲಸ, ತಾನು ಒಡಹುಟ್ಟಿದವಳು. ತನ್ನ ಸರದಿ ಬಂದಾಗ ಶನಿವಾರವಿಡೀ ಯೋಚಿಸಿಟ್ಟಿದ್ದನ್ನು ಬರೆದಳು. "ನನ್ನ ತಮ್ಮನ ಕೈಲಿ ನಾನು ಗೇಯಿಸಿಲ್ಲ, ಹೊಡೆದಾಡಿಸಿಲ್ಲ. ಅವನು ಹೇಗಿದ್ದನೋ ಹಾಗೇ ಇದಾನೆ. ನಮ್ಮಮ್ಮ ದಿನಾ ಅವನ ಮುಖ ನೋಡ್ತಾಳೆ, ಅಷ್ಟೇ. ಇದು ಅಪರಾಧ ಆದ್ರೆ ಗೋಡೆ ಮೇಲೆ ಫೋಟೋ ಹಾಕೋದೂ ಅಪರಾಧ."

ಮೀಸೆ ಮುಗಿಸಿ ಬಂದ ಪಂಚ ಗಂಟಲು ಸರಿಮಾಡಿಕೊಂಡಂತೆ ಬರೆದ: "ಹಾಗಾದ್ರೆ ಇಲ್ಲೇ ಕರೀರಿ ಅಕ್ಕ. ನಾವೂ ನೋಡ್ತೀವಿ. ಆದ್ರೆ ಒಂದು ಷರತ್ತು. ಅಪ್ಪಣೆ ಏನೂ ಕೊಡಬಾರದು. ಅವನಾಗಿ ಏನು ಮಾಡ್ತಾನೋ ಮಾಡ್ಲಿ."

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳಿಗೆ ಬೇಕಾಗಿದ್ದೂ ಅದೇ. ಚಾವಡಿಯ ಎದುರಿಗೇ ಸೇತುವೆ, ಸುತ್ತ ಸಾಲು ಬಾಗಿಲು. ಇವರ ಮುಖದ ಮುಂದೆಯೇ ಬಾಗಿಲು ತಟ್ಟಿ ಓಡಲಿ, ಕಟಕಟೆಯ ಮೇಲೆ ಕುಣಿಯಲಿ, ಪಂಚನ ಬಿಳೀ ಗಡ್ಡ ಎಳೆದರೂ ಎಳೆಯಲಿ. ಪಕ್ಕದ ಕುರ್ಚಿಯಲ್ಲಿದ್ದ ಅಮ್ಮನಿಗೆ "ಇವತ್ತು ಸ್ವಲ್ಪ ಓಡ್ತಾನೆ, ತಲೆ ಸುತ್ತಿದ್ರೆ ಕಣ್ಣು ಮುಚ್ಕೋ" ಎಂದಳು. ಮಂತ್ರ ಹಾಕಿ, ಬೆರಳು ಜಾರೀತೆಂದು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಗಾಲಿ ಬಂದ. ಬಂದು ಇತ್ತ ತಿರುಗಿದ. ನಿಂತ.

ಈಗ ಓಡುತ್ತಾನೆ ಎಂದು ಅಕ್ಕ ಕಾದಳು. ಹಿಂದೆ ಸೇತುವೆ ಇತ್ತು, ಬಲಕ್ಕೆ ಬಾಗಿಲುಗಳಿದ್ದವು. ಅವನು ಅವನ್ನು ನೋಡಲೂ ಇಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಫೋಟೋ ತೆಗೆಸಿಕೊಳ್ಳಲು ನಿಂತವನ ಹಾಗೆ, ಪರದೆಯಿಂದ ಸೀದಾ ಅವಳನ್ನೇ ನೋಡುತ್ತಾ ನಿಂತಿದ್ದ. ಅನ್ನದ ತಟ್ಟೆ ಹಿಡಿದೂ ಒಂದು ಕಡೆ ನಿಲ್ಲದವನು.

ಕೊಡವಿದ ಕೂಡಲೇ ಹಳೇ ಗೆರೆಗೆ ಬೀಳುವ ಬಟ್ಟೆ ಅಕ್ಕನ ಕಣ್ಣ ಮುಂದೆ ಬಂತು. ವರ್ಷಕ್ಕೆ ಎಷ್ಟು ದಿನವೋ ಅಷ್ಟು ಸಲ, ಒಂದು ದಿನವೂ ತಪ್ಪದೆ, ಅವಳು ಅವನಿಗೆ ಒಂದೇ ಒಂದು ವಿದ್ಯೆ ಕಲಿಸಿದ್ದಳು. ಹುಡುಗ ಕಲಿತಿದ್ದ.

"ನೆರಳು ಹೊಸದು ಕಲಿತ್ರೆ ಹಳೇದು ಎಲ್ಲಿ ಹೋಗುತ್ತೆ? ಕರೆಯೋದು ಬಿಟ್ಟರೆ ವಾಪಸ್ ಬರುತ್ತಾ?" ಎಂದು ಎಲ್ಲರ ಮುಂದೆಯೇ ಬರೆದಳು.

ಯಂತ್ರದ ವಿಷಯ ಬಲ್ಲವನೊಬ್ಬ ಉತ್ತರ ಕೊಟ್ಟ. "ಬರಲ್ಲ ಅಕ್ಕ. ಹಳೇದರ ಮೇಲೇ ಹೊಸದು ಬರೆಯುತ್ತೆ. ಅಡಿಯಲ್ಲಿ ಏನೂ ಉಳಿದಿರಲ್ಲ."

ಚಾವಡಿಯವರಿಗೆ ಗಾಲಿ ಬಹಳ ಹಿಡಿಸಿದ. ಎಷ್ಟು ಸೌಮ್ಯ ಹುಡುಗ ಎಂದರು. ಇಂಥವನಿಂದ ಯಾರಿಗೆ ಏನು ತೊಂದರೆ ಎಂದರು. ತಾಯಿಯ ಹೊಟ್ಟೆ ತಣ್ಣಗಿರಲಿ ಎಂದು ಯಾರೋ ಹೂವಿನ ಚಿತ್ರ ಹಾಕಿದರು. ಟೀಚರು ಮಾತ್ರ ಅಕ್ಕನಿಗೊಬ್ಬಳಿಗೇ ಕಾಣುವಂತೆ ಒಂದು ಸಾಲು ಕಳಿಸಿದರು: "ನಿಮ್ಮ ತಮ್ಮ ಮೊದಲು ಹೀಗಿರಲಿಲ್ಲ, ಅಲ್ವಾ?"

ಅಕ್ಕ ಚಾವಡಿಗೇ ಬರೆದಳು: "ಇದು ಅಪರಾಧ. ಕಾನೂನು ಮಾಡಿ. ಮೊದಲು ನನ್ನ ಮಂತ್ರ ಕಿತ್ಕೊಳ್ಳಿ."

ಅಕ್ಕನಿಗೆ ದುಃಖ ಉಕ್ಕಿ ಬಂದಿದೆ, ಮನಸ್ಸಿಗೆ ಹಚ್ಕೋಬೇಡಿ ಅಕ್ಕ ಎಂದು ಹತ್ತು ಜನ ಸಮಾಧಾನ ಮಾಡಿದರು. ಅವಳು ಮತ್ತೆ ಅದನ್ನೇ ಬರೆದಳು. ಅಷ್ಟರಲ್ಲಿ ಕೈ ಎತ್ತುವ ಹೊತ್ತಾಗಿತ್ತು. ಅಪರಾಧ ಎಂದು ಕೈ ಎತ್ತಿದವರಲ್ಲಿ ಟೀಚರ ಪಕ್ಕ ಇಸ್ತ್ರಿ ಅಕ್ಕನೂ ಇದ್ದಳು. ಆ ಗುಂಪು ಚಿಕ್ಕದು. ಪಂಚ ಹಾವೂ ಸಾಯದ, ಕೋಲೂ ಮುರಿಯದ ತೀರ್ಪು ಕೊಟ್ಟ: ಬೇರೆಯವರು ಕರೆದರೆ ಅಪರಾಧ, ಮನೆಯವರು ಕರೆದರೆ ಹಕ್ಕು. "ಅಕ್ಕನ ತಮ್ಮನನ್ನ ನೋಡಿದ ಮೇಲೆ ಕಲ್ಲು ಮನಸ್ಸೂ ಕರಗುತ್ತೆ" ಎಂದು ಸೇರಿಸಿ, ಮುಂದಿನ ಗಿರಾಕಿಯ ಕಡೆ ಹೋದ.

ಅಕ್ಕ ಗೆದ್ದಿದ್ದಳು. ಬೇಡಿಕೊಂಡು ಬಂದಿದ್ದೆಲ್ಲ ಸಿಕ್ಕಿತ್ತು. ಇಂಥ ಗೆಲುವು ಶತ್ರುವಿಗೂ ಬೇಡ.

ಸೋಮವಾರ ಲಾಂಡ್ರಿಯಲ್ಲಿ ಎದುರಿನವಳು "ಏನಾಯ್ತೇ?" ಎಂದಳು. "ಕರೀಬಹುದಂತೆ" ಎಂದು ಅಕ್ಕ ಬಟ್ಟೆಯ ತುದಿ ಹಿಡಿದಳು. ಎದುರಿನವಳು "ಸದ್ಯ, ದೇವರು ದೊಡ್ಡವನು" ಎಂದಾಗ ತಲೆಯಾಡಿಸಿದಳು. ಮಡಚುವಾಗ ಅವಳ ಕೈ ಎರಡು ಸಲ ತಪ್ಪಿತು.

ಮನೆಗೆ ಬಂದಾಗ ಮೂರು ಗಂಟೆ. ಇವತ್ತು ಯಂತ್ರ ಕೆಟ್ಟಿದೆ ಎನ್ನಲೇ, ಕರೆಂಟಿಲ್ಲ ಎನ್ನಲೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಅಮ್ಮ ಆಗಲೇ ತಲೆ ಬಾಚಿ, ಕನ್ನಡಕದ ಗಾಜು ಒರೆಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಸುಳ್ಳು ನಾಲಿಗೆಯ ತುದಿತನಕ ಬಂದು ಅಲ್ಲೇ ಸತ್ತಿತು. ನಾಲ್ಕಕ್ಕೆ ಅಕ್ಕ ಮಂತ್ರ ಹಾಕಿದಳು.

ಬಂದ. ತಿರುಗಿದ. ನಿಂತ.

"ಓಡು" ಎಂದು ಬರೆದಳು. ಗಾಲಿ ಹತ್ತು ಹೆಜ್ಜೆ ನೇರ ಓಡಿ ವಾಪಸ್ ಬಂದು ನಿಂತ. "ಕಟಕಟೆ ಹತ್ತು" ಎಂದು ಬರೆದಳು. ಹತ್ತಿದ, ಅಂಚಿನ ಮೇಲೆ ಕೈ ಚಾಚದೆ ನಿಂತು ಮುಂದಿನ ಅಪ್ಪಣೆಗೆ ಕಾದ. "ಬಾಗಿಲು ತಟ್ಟು" ಎಂದು ಬರೆದಳು. ಇಳಿದು ಬಂದು ಒಂದು ಬಾಗಿಲು ತಟ್ಟಿದ. ಓಡಿಹೋಗಲಿಲ್ಲ. ಯಾರೋ ತೆರೆಯುತ್ತಾರೆಂಬಂತೆ ಅಲ್ಲೇ ನಿಂತ.

"ಪಾಪ, ಯಾಕೆ ಅವನನ್ನ ಗೋಳು ಹುಯ್ಕೊಳ್ತೀಯ? ಸುಮ್ನೆ ಬಿಡೇ" ಎಂದಳು ಅಮ್ಮ. ಅಕ್ಕ ಕೈ ತೆಗೆದಳು. ಗಾಲಿ ತಾನಾಗಿ ಇತ್ತ ತಿರುಗಿದ.

ಅಮ್ಮ ಮುಂದಕ್ಕೆ ಬಾಗಿ ಅವನ ಹುಬ್ಬಿನ ಗುರುತಿನ ಮೇಲೆ, ಗಾಜಿನ ಮೇಲೆ, ಬೆರಳಾಡಿಸಿದಳು. ಮುಖದಲ್ಲಿ ಎರಡು ವರ್ಷದಿಂದ ಕಾಣದ ನೆಮ್ಮದಿಯಿತ್ತು.

"ನೋಡ್ದೇನೇ?" ಎಂದಳು. "ನೆನ್ನೆನೂ ಹೀಗೇ ನಿಂತಿದ್ದ, ನೀನು ಹೇಳದೇನೇ. ಚಿಕ್ಕವನಿದ್ದಾಗ ಎಷ್ಟು ಬಡ್ಕೊಂಡ್ರೂ ನಿಲ್ತಿರ್ಲಿಲ್ಲ. ಈಗ ಎಷ್ಟು ಒಳ್ಳೆಯವನಾಗಿದಾನೆ! ನಾಳೆ ಸ್ವಲ್ಪ ಬೇಗ ಕರಿ."

"ಆಯ್ತಮ್ಮ" ಎಂದಳು ಅಕ್ಕ.