ಬೇಲಿಯಿಂದ ನಲವತ್ತು ಹೆಜ್ಜೆ

ವರ್ನಾ ತೋರಿಸಿದ ಜಾಗದಲ್ಲಿ ಹದಿನೈದು ದಿನ ಅಗೆದರೂ ಒಂದು ಚೂರು ಮೂಳೆ ಸಿಕ್ಕಿರಲಿಲ್ಲ. ಯಾಕೆ ಸಿಗುತ್ತಿಲ್ಲ ಎಂದು ಬಲ್ಲವನು ಆ ಬಯಲಿನಲ್ಲಿ ಒಬ್ಬನೇ, ಅವಳ ಗಂಡ ಲೈಲ್. ಅವನೋ ಬಾಯಿಗೆ ಬೀಗ ಹಾಕಿಕೊಂಡು ಟ್ರಕ್ಕಿನ ನೆರಳಲ್ಲಿ ಚಹಾ ಕುಡಿಯುತ್ತ ಕೂತಿದ್ದ.

ಕ್ವೀನ್ಸ್‌ಲ್ಯಾಂಡಿನ ಆ ಕುರಿಸೀಮೆಯ ಕಪ್ಪು ಮಣ್ಣು ಸುಮ್ಮನೆ ಬಿದ್ದಿರುವ ಜಾತಿಯದಲ್ಲ. ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಹೊಟ್ಟೆಯಲ್ಲಿ ಇದ್ದದ್ದನ್ನು ವರ್ಷಕ್ಕೆ ಇಷ್ಟಿಷ್ಟೇ ಮೇಲಕ್ಕೆ ನೂಕುತ್ತದೆ. ಕುರಿ ಅಟ್ಟುವವರ ಬೈಕಿಗೆ ಅಡ್ಡ ಸಿಗುವ ಕಲ್ಲುಗಳು ಬರುವುದೇ ಹಾಗೆ. ಉಳಿದವರು ಬೈದುಕೊಂಡು ಅವನ್ನು ಬದಿಗೆಸೆದರೆ ವರ್ನಾ ಮಾತ್ರ ಏಳು ಕಲ್ಲುಗಳನ್ನು ಮನೆಗೆ ಹೊತ್ತು ತಂದು, ಬಟ್ಟೆ ಒಗೆಯುವ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದಳು. ಅವು ಮೂಳೆ ಎಂದು ಅವಳ ಹಟ. ಪೇಟೆಯಲ್ಲಿ ಪ್ರವಾಸಿಗರನ್ನು ಸೆಳೆಯಲು ಕಸದ ಡಬ್ಬವನ್ನೂ ಡೈನೋಸಾರಿನ ಪಾದದ ಹಾಗೆ ಮಾಡಿಟ್ಟಿದ್ದಾರೆ, ಅದನ್ನು ನೋಡಿ ನೋಡಿ ಇವಳ ತಲೆ ಕೆಟ್ಟಿದೆ ಎಂದು ಲೈಲ್ ಇಪ್ಪತ್ತೇಳು ವರ್ಷ ಆಡಿಕೊಂಡಿದ್ದ.

ಕಳೆದ ವರ್ಷ ಬ್ರಿಯೋನಿ ಎಂಬ ಪಳೆಯುಳಿಕೆ ತಜ್ಞೆ ಬಂದಳು. ಒಂದು ಕಲ್ಲನ್ನು ಎತ್ತಿ, ಒಡೆದ ಮೈಯಲ್ಲಿದ್ದ ಜೇನುಗೂಡಿನಂಥ ಸಣ್ಣ ಕಣ್ಣುಗಳನ್ನು ತೋರಿಸಿ, ಇದು ಉದ್ದ ಕತ್ತಿನ ಡೈನೋಸಾರಿನ ಬೆನ್ನೆಲುಬು, ಒಂಬತ್ತೂವರೆ ಕೋಟಿ ವರ್ಷದ್ದು ಎಂದಳು. ಲೈಲ್ ಬೆಪ್ಪಾದ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತನ್ನ ಹೆಂಡತಿ, ಯಾರೂ ಹೇಳಿಕೊಡದೆ, ಕಣ್ಣಳತೆಯಲ್ಲೇ ಅದನ್ನು ಗುರುತಿಸಿದ್ದಳಲ್ಲ ಎಂದು ಅವನಿಗೆ ಆ ದಿನವೆಲ್ಲ ಹೆಮ್ಮೆ. ಹೇಳಲಿಲ್ಲ, ಅಷ್ಟೆ.

ಈ ವರ್ಷ ಬ್ರಿಯೋನಿ ಅಗೆಯುವ ತಂಡದೊಡನೆ ಬಂದು ಗುಡಾರ ಹಾಕಿ, ಕಲ್ಲು ಸಿಕ್ಕಿದ್ದೆಲ್ಲಿ ಎಂದು ಕೇಳಿದ್ದಳು. ಆ ಬಯಲಿನಲ್ಲಿ ಗುರುತಿಗೆ ಒಂದು ಮರವಿಲ್ಲ. ಅಲ್ಲಿಯವರು ಜಾಗ ಹೇಳುವುದು ಬೇಲಿಯ ಕಂಬ ಎಣಿಸಿ. ತೆಂಕಣ ಮೂಲೆಯಿಂದ ಹನ್ನೆರಡನೆಯ ದಪ್ಪ ಕಂಬ, ಅಲ್ಲಿಂದ ಮೂಡಲಿಗೆ ನಲವತ್ತು ಹೆಜ್ಜೆ ಎಂದು ವರ್ನಾ ತಡವರಿಸದೆ ಹೇಳಿದ್ದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಬೇಲಿಯಲ್ಲಿ.

ಆ ಬೇಲಿ ಹಾಕಿದವನು ಅವಳಪ್ಪ ಏಂಗಸ್. ನೂಲು ಹಿಡಿದಂತೆ ನೇರವಾಗಿದ್ದರೂ ಅದು ತಗ್ಗಿನಲ್ಲಿತ್ತು, ನೆರೆ ಬಂದಾಗಲೆಲ್ಲ ಮಲಗುತ್ತಿತ್ತು. ಮೇಲಕ್ಕೆ ಜರುಗಿಸೋಣ ಎಂದು ಲೈಲ್ ಬಾಯಿ ತೆರೆದರೆ ಮಾವ ಮಗಳು ಇಬ್ಬರೂ ಮೈಮೇಲೆ ಬೀಳುತ್ತಿದ್ದರು. ಕಲ್ಲುಗಳು ಸಿಕ್ಕಿದ ಮರುವರ್ಷ ದೊಡ್ಡ ನೆರೆ ಬಂದು ಬೇಲಿಯನ್ನು ಬಾಚಿಕೊಂಡು ಹೋಯಿತು. ವರ್ನಾ ಆಗ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಅಪ್ಪನ ಕೊನೆಗಾಲ ನೋಡಿಕೊಳ್ಳುತ್ತಿದ್ದಳು. ಲೈಲ್ ಬೇಲಿಯನ್ನು ದಿಬ್ಬದ ಮೇಲೆ ಹೊಸದಾಗಿ ಹಾಕಿದ. ಫೋನಿನಲ್ಲಿ ಮಾತ್ರ, ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಿದ್ದೇನೆ ಎಂದ. ಅವಳು ಮರಳುವಷ್ಟರಲ್ಲಿ ನೆರೆಯ ಹೂಳು ಹಳೆಯ ಸಾಲನ್ನು ಮುಚ್ಚಿತ್ತು, ಮರವಿಲ್ಲದ ಬಯಲಿನಲ್ಲಿ ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ.

ಬುಧವಾರ ಚಹಾದ ಹೊತ್ತಿಗೆ ಬ್ರಿಯೋನಿ ವರ್ನಾಳ ಪಕ್ಕ ಬಂದು ಕೂತಳು. ಶನಿವಾರ ಎಲ್ಲರೂ ಗುಡಾರ ಕಿತ್ತು ಹೊರಡಬೇಕು, ಮುಂದಿನ ವರ್ಷ ಬೇರೆಯವರ ಜಮೀನಿಗೆ ಮಾತು ಕೊಟ್ಟಾಗಿದೆ ಎಂದಳು. ಕಲ್ಲುಗಳು ಬೇರೆಲ್ಲಾದರೂ ಸಿಕ್ಕಿದ್ದಿರಬಹುದೇ ಎಂದು ಮೆಲ್ಲಗೆ ಕೇಳಿದಳು.

ವರ್ನಾ ಕೈಯಲ್ಲಿದ್ದ ಕೇಕನ್ನು ತಿನ್ನದೆ ತಟ್ಟೆಗೆ ಹಾಕಿದಳು. "ನನ್ನದೇ ತಪ್ಪಿರ್ಬೇಕು ಕಣಮ್ಮ. ವಯಸ್ಸಾಯ್ತು. ತಲೆ ಮೊದಲಿನ ಹಾಗಿಲ್ಲ."

ಲೈಲ್‌ಗೆ ಆ ಮಾತು ತಡೆಯಲಾಗಲಿಲ್ಲ. ಅವಳು ತನ್ನನ್ನು ಬೈದಿದ್ದರೆ ಅವನು ಇನ್ನೂ ಇಪ್ಪತ್ತು ವರ್ಷ ಸುಮ್ಮನಿರುತ್ತಿದ್ದನೇನೋ.

"ನಿನ್ನ ತಲೆ ಸರಿಯಾಗೇ ಇದೆ ಕಣೇ," ಎಂದ. "ಬೇಲಿ ಸರಿಯಿಲ್ಲ. ನಾನೇ ಅದನ್ನ ಮುನ್ನೂರು ಮೀಟರ್ ಪಡುವಲಕ್ಕೆ ತಂದು ನೆಟ್ಟಿದ್ದು. ನೆರೆ ಬಂದ ವರ್ಷ."

ಅಗೆಯುವವರೆಲ್ಲ ಚಹಾ ಮರೆತು ನೋಡಿದರು.

"ಇದ್ದ ಹಾಗೇ ನಿಲ್ಲಿಸಿದೀನಿ ಅಂದಿದ್ದೆ," ಎಂದಳು ವರ್ನಾ. "ಅದನ್ನೇ ನಾನು ಅಪ್ಪನಿಗೆ ಹೇಳ್ದೆ. ಕೇಳಿ ನೆಮ್ಮದಿಯಾಗಿ ಕಣ್ಣು ಮುಚ್ಕೊಂಡ್ರು."

"ಅದಕ್ಕೇ ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಎದ್ದು, ತಿರುಗಿಯೂ ನೋಡದೆ ಹನ್ನೆರಡನೆಯ ಕಂಬದ ನೇರಕ್ಕೆ ಮೂಡಲಿಗೆ ನಡೆದಳು. ಎಲ್ಲರೂ ಹಿಂದೆ ಹೋದರು. ತಗ್ಗಿನಲ್ಲಿ ಒಂದು ಕಡೆ ಹುಲ್ಲಿನೊಳಗೆ ಹಳೆಯ ಬೇಲಿಯ ತುಕ್ಕು ತಂತಿಯ ತುದಿಯೊಂದು ಇಣುಕುತ್ತಿತ್ತು. ಅಲ್ಲಿಂದ ನಲವತ್ತು ಹೆಜ್ಜೆ ಎಣಿಸಿ, ಬೂಟಿನ ಹಿಮ್ಮಡಿ ಊರಿ ನಿಂತಳು.

ಯಂತ್ರ ತಂದು ಮಣ್ಣು ಕೆರೆದರು. ಗುರುವಾರ ಮಧ್ಯಾಹ್ನ ಸೊಂಟದಾಳದಲ್ಲಿ ತೊಡೆಯ ಮೂಳೆಯ ತುದಿ ಕಂಡಿತು. ಎಲ್ಲರೂ ಮೊಣಕಾಲೂರಿ ಕುಂಚದಿಂದ ಗುಡಿಸುತ್ತ ಹೋದಷ್ಟೂ ಅದು ಮುಗಿಯಲೊಲ್ಲದು. ಶುಕ್ರವಾರ ಪೂರ್ತಿ ಬಯಲಾದಾಗ ವರ್ನಾ ಅದರ ಪಕ್ಕ ಮಲಗಿ ಅಳತೆ ನೋಡಿದಳು; ಅವಳಿಗಿಂತ ಅದೇ ಒಂದು ಗೇಣು ಉದ್ದ. ಇಂಥ ನಾಲ್ಕು ಕಾಲಿನ ಮೇಲೆ ಒಂದು ಜೀವ ಇದೇ ನೆಲದಲ್ಲಿ, ಆಗ ಇಲ್ಲಿ ಹರಿಯುತ್ತಿದ್ದ ನದಿಯ ಕೆಸರು ತುಳಿದು, ಮರದ ತಲೆ ಮೇಯ್ದು ಓಡಾಡಿತ್ತು. ಲೈಲ್ ಟೋಪಿ ತೆಗೆದ. ನಲವತ್ತು ವರ್ಷ ಅದರ ಮೇಲೆ ಕುರಿ ಅಟ್ಟಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಹಂಚಿಕೊಳ್ಳೋಣವೆಂದರೆ ಬುಧವಾರದಿಂದ ವರ್ನಾ ಅವನೊಡನೆ ಒಂದು ಮಾತೂ ಆಡಿರಲಿಲ್ಲ.

ಸಿಕ್ಕಿದ ಪ್ರಾಣಿಗೆ ಮುದ್ದಿನ ಹೆಸರಿಡುವುದು ಕಂಡುಹಿಡಿದವರ ಹಕ್ಕು. ಸಾಗಿಸುವಾಗ ಮೂಳೆ ಒಡೆಯದಂತೆ ಅದಕ್ಕೆ ಪ್ಲಾಸ್ಟರ್ ಕಟ್ಟುವ ಮೊದಲು, ಬ್ರಿಯೋನಿ ಪುಸ್ತಕ ತೆರೆದು ಏನು ಬರೆಯಲಿ ಎಂದಳು. ವರ್ನಾ ಅಪ್ಪನ ಹೆಸರು ಏಂಗಸ್ ಎನ್ನುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು, ಲೈಲ್ ಕೂಡ.

"ಲೈಲ್ ಅಂತ ಬರ್ಕೋ," ಎಂದಳು ವರ್ನಾ. "ಗೊತ್ತಿದ್ದೂ ಬಾಯಿ ಬಿಡದೆ ಬಿದ್ದಿರೋದ್ರಲ್ಲಿ ಇವನನ್ನ ಮೀರಿಸೋರಿಲ್ಲ."

ಗುಂಡಿಯ ತುಂಬ ನಗು. ಲೈಲ್‌ಗೂ ನಗು ಬಂತು, ಆದರೆ ಕಣ್ಣು ಒದ್ದೆಯಾಗಿ ಅವನು ಬೇಲಿಯ ಕಡೆ ಮುಖ ತಿರುಗಿಸಿದ.

"ಅಲ್ಲೇನು ನೋಡ್ತಾ ನಿಂತೆ?" ಎಂದಳು ವರ್ನಾ, ಈ ಸಲ ಅವನಿಗೇ. "ಬಾ, ಪ್ಲಾಸ್ಟರ್ ಕಲಸು. ನಿನ್ನ ಕಾಲು ಕಟ್ಟಬೇಕು."