ಲಾಂಡ್ರಿ ಅಕ್ಕನ ಫ್ರೇಮು

ಕಸದ ಗಾಡಿಯ ಗಂಟೆ ಕೇಳಿ ಕೆಳಗಿಳಿದೆ. ಕೈಯಲ್ಲಿ ಮೂರು ಚೀಲ, ಮೂರರಲ್ಲೂ ಕಾಗದದ ಲೋಟಗಳು. ಕೊನೆಯ ನೆಂಟರು ನಿನ್ನೆ ಸಂಜೆಯಷ್ಟೇ ಹೊರಟುಹೋಗಿದ್ದರು.

"ಏನಮ್ಮಾ, ಮನೇಲಿ ಫಂಕ್ಷನ್ನಾ?" ಎಂದ ಗಾಡಿಯವನು.

"ಹೂಂ" ಅಂದೆ.

ನನ್ನ ಗಂಡ ತೀರಿಕೊಂಡು ಒಂಬತ್ತು ದಿನ. ಬೆಳಿಗ್ಗೆ ವರ್ಕ್‌ಶಾಪಿಗೆ ಹೊರಟವನ ಸೈಕಲ್ಲಿಗೆ ತಿರುವಿನಲ್ಲಿ ಲಾರಿ ಬಡಿಯಿತು. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೆಂದರೆ ಈಗ ವಾಕ್ಯ ತಾನಾಗಿಯೇ ಬರುತ್ತದೆ.

ಮೇಲೆ ಬಂದರೆ ಅತ್ತೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದರು.

"ಇದು ಯಾರದ್ದೇ? ನಮ್ಮದಲ್ಲ ತಾನೇ?"

ಬಾಗಿಲಿನ ಹಿಂದೆ ಗೋಡೆಗೊರಗಿಸಿದ ದೊಡ್ಡ ಮರದ ಫ್ರೇಮು. ಅದಕ್ಕೆ ಬಿಗಿದ ತೆಳು ಬಟ್ಟೆಯ ಮೇಲೆ ಹಸಿರು ಲೇಪ. ಲೇಪದ ನಡುವೆ ಮನೆಗಳ ಚಿತ್ರದ, ಅಕ್ಷರಗಳ ಜಾಗ ಮಾತ್ರ ಖಾಲಿ. ಆ ಖಾಲಿಯೊಳಗಿಂದ ಇಂಕು ಇಳಿದು ಕಾಗದದ ಮೇಲೆ ಪೋಸ್ಟರ್ ಆಗುತ್ತದೆ. ಒಂಬತ್ತು ದಿನ ಸ್ನಾನಕ್ಕೆ ಹೋದಾಗಲೆಲ್ಲ ಅದನ್ನು ಓದಿದ್ದೆ. 'ಈ ಮನೆಗಳಲ್ಲಿ ಜನ ಇದ್ದಾರೆ.' ಕೆಳಗೆ ಸಣ್ಣದಾಗಿ, 'ಭಾನುವಾರ ಹತ್ತು ಗಂಟೆಗೆ, ನೀರಿನ ಟ್ಯಾಂಕಿನ ಕೆಳಗೆ.' ನನ್ನ ಗಂಡ ನನಗೆ ತೋರಿಸಿದ ಕರಡಿನಲ್ಲಿ ಆ ಕೆಳಗಿನ ಸಾಲು ಇರಲಿಲ್ಲ. ಅದೂ ಕಣ್ಣಿಗೆ ಬಿದ್ದಿತ್ತು. ಯೋಚಿಸಿರಲಿಲ್ಲ.

"ಲಾಂಡ್ರಿ ಅಕ್ಕನದ್ದು ಅತ್ತೆ. ಎರವಲು ತಂದಿದ್ದ."

"ಹಾಗಾದ್ರೆ ಕೊಟ್ಟು ಬಾ. ಬೇರೆಯವರ ಸಾಮಾನು ಇಟ್ಕೊಂಡು ಕೂತ್ರೆ ನಂಗೆ ಸರಿಹೋಗಲ್ಲ."

"ತೊಳೆದು ಕೊಡಬೇಕು. ಇದರ ಪಕ್ಕ ಒಂದು ಬಾಟ್ಲಿ ಇತ್ತಲ್ಲ?"

"ಅದಾ? ಬಂದವರ ಕಾಲಿಗೆ ನೆಲ ಗಲೀಜಾಗಿತ್ತು, ಸುರಿದು ಉಜ್ಜಿದೆ. ನೋಡು, ಹೇಗೆ ಹೊಳೀತಿದೆ!"

ನಿಜಕ್ಕೂ ಹೊಳೆಯುತ್ತಿತ್ತು. ಅದು ಹಸಿರು ಲೇಪವನ್ನು ಕರಗಿಸುವ ದ್ರಾವಣ. ನಾನು ಅತ್ತೆಗೆ ಹೇಳಲಿಲ್ಲ.

ಲಾಂಡ್ರಿ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಸಂಘದವರು. ಊರಿನಲ್ಲಿ ಇಷ್ಟು ದೊಡ್ಡ ಫ್ರೇಮು ಇರುವುದು ಅವರ ಸಂಘದಲ್ಲಿ ಮಾತ್ರ. ಸೋಮವಾರ ಅವರ ಮುಷ್ಕರ, ಅದರ ಪೋಸ್ಟರಿಗೆ ಫ್ರೇಮು ಬೇಕು. ನಿನ್ನೆ ಮೆಸೇಜು ಕಳಿಸಿದ್ದರು: 'ಕೇಳಬಾರದು, ಆದರೂ ಕೇಳ್ತಿದ್ದೀನಿ.'

ಫ್ರೇಮನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ವರ್ಕ್‌ಶಾಪಿಗೆ ನಡೆದೆ.

ದಾರಿಯುದ್ದಕ್ಕೂ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿತ್ತು. ಅಪಘಾತದ ಹಿಂದಿನ ದಿನ ಬೆಳಿಗ್ಗೆ ಅವನು ಈ ಕರಡು ತೋರಿಸಿದ್ದ. ಕೆಡವಲು ಗುರುತು ಹಾಕಿರುವ ಬೀದಿಯೊಂದರ ಬಾಡಿಗೆದಾರರಿಗಾಗಿ ಮಾಡುತ್ತಿದ್ದ ಪೋಸ್ಟರು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. "ಇದನ್ನ ನಿಂತು ಓದೋರಿಗೆಲ್ಲ ಇದು ಮೊದಲೇ ಗೊತ್ತಿರುತ್ತೆ" ಅಂದೆ. ಅಷ್ಟೇ. ಸಂಜೆ ಅವನು ಫ್ರೇಮು ಹೊತ್ತು ತಂದು ಬಚ್ಚಲಲ್ಲಿಟ್ಟ. ಮಾತಾಡದೆ ಉಂಡ. ಗೋಡೆಗೆ ಮುಖ ಮಾಡಿ ಮಲಗಿದ. ನಾನೂ ಏನು ಎಂದು ಕೇಳಲಿಲ್ಲ. ಬೆಳಿಗ್ಗೆ ನಾನು ಏಳುವ ಮೊದಲೇ ಹೋಗಿದ್ದ.

ನಾನು ಅವನೊಂದಿಗೆ ಆಡಿದ ಕೊನೆಯ ಮಾತು ಅದು. ಒಂಬತ್ತು ದಿನದಿಂದ ಯಾರಿಗೂ ಹೇಳಿಲ್ಲ.

ವರ್ಕ್‌ಶಾಪ್ ಎಂದರೆ ತಗಡಿನ ಸೂರಿನ ಒಂದೇ ಕೋಣೆ. ಆರು ಜನ ಸೇರಿ ನಡೆಸುತ್ತಿದ್ದರು. ಯಾರೂ ಪೋಸ್ಟರಿಗೆ ತಮ್ಮ ಹೆಸರು ಹಾಕುವುದಿಲ್ಲ. ಹಗ್ಗಗಳ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿದ ನೂರೈವತ್ತು ಹಾಳೆಗಳು ಹಾಗೇ ತೂಗುತ್ತಿದ್ದವು. ಒಂದೊಂದರ ಮೇಲೂ ಹಳದಿ ಚೌಕಗಳು ಮಾತ್ರ. ಅವು ಕಿಟಕಿಗಳು. ಕಪ್ಪು ಬಣ್ಣ ಬಿದ್ದ ಮೇಲೆ ಸುತ್ತ ಮನೆಗಳು ಮೂಡಬೇಕಿತ್ತು.

ಗಿಡ್ಡ ಒಬ್ಬನೇ ಇದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದವನಾದ್ದರಿಂದ ಅವನಿಗೆ ಆ ಹೆಸರು. ನನ್ನ ಗಂಡನೇ ಇಟ್ಟದ್ದು.

"ನೀವ್ಯಾಕೆ ಹೊತ್ಕೊಂಡು ಬಂದ್ರಿ ಅತ್ತಿಗೆ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

"ತೊಳೀಬೇಕು. ದ್ರಾವಣ ಕೊಡು. ನಮ್ಮನೇದು ಅತ್ತೆ ನೆಲಕ್ಕೆ ಹಾಕಿದ್ರು."

ಅವನಿಗೆ ನಗು ಬಂತು, ತಡೆದುಕೊಂಡ. ಆಮೇಲೆ ಹೇಳಿದ, "ತೊಳೆಯೋದು ಬೇಡ ಅತ್ತಿಗೆ. ನಾವೆಲ್ಲ ಮಾತಾಡ್ಕೊಂಡಿದ್ದೀವಿ. ಈ ಗೋಡೆಗೆ ನೇತು ಹಾಕ್ತೀವಿ. ಅವನ ಕೊನೇ ಕೆಲಸ. ಅಕ್ಕನಿಗೆ ಬೇರೆ ಮಾಡಿಸಿಕೊಡ್ತೀವಿ."

"ಸೋಮವಾರದೊಳಗೆ?"

ಅವನು ಸುತ್ತಿದ್ದ ಹಾಸಿಗೆ ಬಟ್ಟೆ ಬಿಚ್ಚಿ, ಫ್ರೇಮನ್ನು ಗೋಡೆಯ ಹತ್ತಿರ ಒಯ್ದು ಎತ್ತಿ ಹಿಡಿದ. ನಾನು ಬೇಡುವವಳ ಹಾಗೆ ಕೈ ಚಾಚಿದೆ. ಅಳತೆ ನೋಡಬೇಕಿತ್ತೋ ಏನೋ, ನನಗೇ ಗೊತ್ತಿಲ್ಲ. ಅವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದೆ, ಅಚ್ಚಿಗೆ ಇಡುವ ಹಾಗೆ, ಬಟ್ಟೆ ಕೆಳಗೆ, ಮರದ ಅಂಚು ಮೇಲೆ. ನಾಲ್ಕು ವರ್ಷ ಭಾನುವಾರಗಳಲ್ಲಿ ಅವನಿಗೆ ಹಾಳೆ ಹಿಡಿದುಕೊಟ್ಟವಳು ನಾನು.

ಅಕ್ಷರಗಳು ಕನ್ನಡಿಯೊಳಗಿನವುಗಳ ಹಾಗೆ ಇದ್ದವು.

ಮೇಜಿನ ಮೇಲೆ ಇಟ್ಟಾಗ ಸರಿಯಾಗಿ ಓದಲು ಬಂದರೆ ಕಾಗದದ ಮೇಲೂ ಸರಿ ಬರುತ್ತದೆ. ಬಚ್ಚಲಲ್ಲಿ ನಾನು ಒಂಬತ್ತು ದಿನ ಓದಿದ್ದು ಹಿಂಬದಿಯಿಂದ, ಕಾಗದಕ್ಕೆ ತಾಗುವ ಬಟ್ಟೆಯ ಬದಿಯಿಂದ. ಅಲ್ಲಿ ಓದಲು ಬರಲೇಬಾರದಿತ್ತು.

"ಉಲ್ಟಾ ಇದೆ" ಅಂದೆ.

ಗಿಡ್ಡ ಕೈ ಒರೆಸುವ ಬಟ್ಟೆಯನ್ನು ಹಿಡಿದು ನಿಂತ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಅಕ್ಷರ ಇರೋ ಫಿಲ್ಮನ್ನ ಲೇಪದ ಮೇಲೆ ತಿರುಗಿಸಿ ಇಟ್ಟು ಬೆಳಕಿಗೆ ಒಡ್ಡಿಬಿಟ್ಟಿದ್ದ. ಹೊಸಬರು ಮೊದಲನೇ ದಿನ ಮಾಡ್ತಾರಲ್ಲ, ಆ ತಪ್ಪು. ಮೊದಲನೇ ಹಾಳೆ ತೆಗೆದಾಗ ಗೊತ್ತಾಯ್ತು. ನಾನು ಬಿದ್ದು ಬಿದ್ದು ನಕ್ಕೆ ಅತ್ತಿಗೆ. ಗುರುಗಳೇ, ಇನ್ನು ಮೇಲೆ ಪೋಸ್ಟರ್ ಜೊತೆ ಎಲ್ರಿಗೂ ಒಂದೊಂದು ಕನ್ನಡಿ ಹಂಚೋಣ ಅಂದೆ. ಸಂಜೆ ತನಕ ಬಿಡಲಿಲ್ಲ. ಅವನು ಒಂದು ಮಾತೂ ಆಡದೆ ಫ್ರೇಮು ಎತ್ಕೊಂಡು ಹೋದ. ಇಲ್ಲಿ ನಲ್ಲಿ ನಿಂತಿತ್ತು, ಮನೇಲಿ ತೊಳ್ಕೊಂಡು ಬರ್ತೀನಿ ಅಂತ. ನನ್ನ ಮೇಲೆ ಮುನಿಸ್ಕೊಂಡೇ ಹೋದ."

ಹೊಳೆಯುವ ನೆಲ ನೆನಪಾಯಿತು. ಆ ಬಾಟಲಿ ಅದಕ್ಕೇ ಇತ್ತು.

"ನಿನ್ನ ಮೇಲಲ್ಲ. ನಾನೂ ಅವತ್ತು ಬೆಳಿಗ್ಗೆ ಒಂದು ಮಾತು ಅಂದಿದ್ದೆ" ಅಂದೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದರಿಂದ ಅದೂ ಸಲೀಸಾಗಿಯೇ ಬಂತು.

ಗಿಡ್ಡ ನನ್ನನ್ನು ವಿಚಿತ್ರವಾಗಿ ನೋಡಿದ. "ಅದಾ? ಅದನ್ನ ಬಂದ ಕೂಡ್ಲೇ ಹೇಳಿದ್ನಲ್ಲ. 'ನನ್ನ ಹೆಂಡ್ತಿ ಸರಿಯಾಗಿ ಹೇಳಿದ್ಲು ಕಣೋ, ಗೊತ್ತಿರೋದನ್ನೇ ಗೊತ್ತಿರೋರಿಗೆ ಹೇಳ್ತಿದ್ದೀವಿ. ಗೊತ್ತಿಲ್ಲದ್ದು ಏನಿದೆ? ಮೀಟಿಂಗ್ ಯಾವಾಗ, ಎಲ್ಲಿ ಅನ್ನೋದು' ಅಂತ. ಕೂತು ಆ ಕೆಳಗಿನ ಸಾಲು ಬರೆದ. ಫಿಲ್ಮ್ ಹೊಸದಾಗಿ ಮಾಡಿದ. ಹೊತ್ತಾಗಿತ್ತು, ಆತುರದಲ್ಲಿ ತಿರುಗಿಸಿಟ್ಟ."

ನಾನು ಕೂತೆ. ಸ್ಟೂಲಿನ ಮೇಲೆ ಒಣಗಿದ ಇಂಕು ಇತ್ತು, ಆದರೂ ಕೂತೆ.

ಹಾಗಾದರೆ ನನ್ನ ಮಾತು ಅವನನ್ನು ನೋಯಿಸಿರಲಿಲ್ಲ. ಕೆಲಸಕ್ಕೆ ಹಚ್ಚಿತ್ತು. ಆ ಕೆಲಸದ ಆತುರದಲ್ಲೇ ತಪ್ಪಾಯಿತು. ತಪ್ಪಿನಿಂದ ಮೌನ. ಸರಿಪಡಿಸಲೆಂದು ಮರುದಿನ ಬೇಗ ಹೊರಟನೋ? ಗೊತ್ತಿಲ್ಲ. ಈ ದಾರವನ್ನು ಎಳೆದಷ್ಟೂ ಬರುತ್ತದೆ. ನಾನು ಅಲ್ಲಿಗೇ ಬಿಟ್ಟೆ.

"ಭಾನುವಾರ ಜನ ಬಂದಿದ್ರಾ?"

"ಬಂದಿದ್ರು. ಬಾಯಿಂದ ಬಾಯಿಗೆ ಹೇಳಿದ್ವಿ. ನೀರಿನ ಟ್ಯಾಂಕಿನ ಕೆಳಗೆ ನಿಲ್ಲೋಕೆ ಜಾಗ ಇರಲಿಲ್ಲ. ಮನೆಗಳು ಇನ್ನೂ ನಿಂತಿವೆ."

"ತಪ್ಪು ಅಚ್ಚನ್ನು ಗೋಡೆಗೆ ಹಾಕಿದ್ರೆ ಅವನು ನಮ್ಮಿಬ್ರನ್ನೂ ಸುಮ್ನೆ ಬಿಡಲ್ಲ" ಅಂದೆ.

ಗಿಡ್ಡ ಮೂಗು ಒರೆಸಿಕೊಂಡು ದ್ರಾವಣದ ಬಾಟಲಿ ತಂದ.

ತೊಳೆದದ್ದು ನಾನೇ. ದ್ರಾವಣ ಹಚ್ಚಿ ಎರಡೂ ಬದಿ ಬ್ರಷ್‌ನಿಂದ ಉಜ್ಜಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಸಿರು ಜಾರತೊಡಗಿತು. ಪೈಪು ಹಿಡಿದಾಗ 'ಜನ' ಮೊದಲು ಹೋಯಿತು, ಟ್ಯಾಂಕು ಕೊನೆಗೆ. ನೀರು ಹಸಿರಾಗಿ ಮೋರಿಗೆ ಹರಿಯಿತು. ನನಗೆ ಅಳು ಬರಲಿಲ್ಲ. ತೋಳು ನೋಯುತ್ತಿತ್ತು.

ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಯಂತ್ರಗಳ ಸದ್ದಿಗೆ ಮಾತು ಕೇಳುವುದಿಲ್ಲ. ಲಾಂಡ್ರಿ ಅಕ್ಕ ನನ್ನನ್ನು ನೋಡಿ ಒಗೆದ ಬಟ್ಟೆಯ ಗಾಡಿ ಬಿಟ್ಟು ಬಂದರು.

"ನೀನೇ ಬಂದ್ಯಾ? ಯಾರ ಕೈಲಾದ್ರೂ ಕಳಿಸಬಾರದಿತ್ತೇನಮ್ಮಾ!"

"ನಾನೇ ತೊಳೆದೆ ಅಕ್ಕ."

ಅವರು ಫ್ರೇಮನ್ನು ಕಿಟಕಿಗೆ ಹಿಡಿದರು. ಬೆಳಕಿಗೆ ಬಟ್ಟೆಯಲ್ಲಿ ಅಕ್ಷರಗಳ ಮಸುಕು ನೆರಳು ಕಾಣಿಸಿತು. ನಾನು ಬೆರಳಿನಿಂದ ಉಜ್ಜಲು ಹೋದೆ.

"ಅದು ಅಚ್ಚಿಗೆ ಬರಲ್ಲ, ಹೆದರಬೇಡ" ಎಂದರು. "ಎಲ್ಲಾ ಫ್ರೇಮಲ್ಲೂ ಇರುತ್ತೆ. ಆದರೆ ನೀನೇ ತೊಳೆದಿದ್ದು ಅಂತ ಗೊತ್ತಾಗುತ್ತೆ ಬಿಡು. ಮೂಲೇಲಿ ಹಸಿರು ಹಾಗೇ ಇದೆ. ಅವನಾಗಿದ್ರೆ ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ" ಅಂದೆ.

ಬೆರಳಿನಿಂದ ಬಟ್ಟೆಯನ್ನು ಚಿಮ್ಮಿದರು. ಬಿಗಿಯಾಗಿಯೇ ಇತ್ತು. "ಸೋಮವಾರಕ್ಕೆ ನಮ್ಮ ಅಚ್ಚಿನ ಕೆಲಸ ಮುಗಿಯುತ್ತೆ. ಆಮೇಲೆ ಗಿಡ್ಡನನ್ನ ಕಳಿಸು, ಇಲ್ಲಾ ನೀನೇ ಬಾ. ಆ ಹಳದಿ ಹಾಳೆ ಎಲ್ಲಾ ಸುಮ್ನೆ ನೇತಾಡ್ತಿವೆಯಂತೆ."

"ಬರ್ತೀನಿ. ಆ ಭಾನುವಾರ ಮುಗೀತಲ್ಲ, ಬೇರೆ ತಾರೀಖು ಹಾಕಬೇಕು."

"ಹಾಕು. ಈಗ ಆ ಗೋಡೆಗೆ ಒರಗಿಸು. ಬಟ್ಟೆ ಗೋಡೆ ಕಡೆಗಿರಲಿ."

ಎತ್ತಿಕೊಂಡು ಹೋಗಿ, ಅವರು ಹೇಳಿದ ಹಾಗೆಯೇ ಒರಗಿಸಿಟ್ಟೆ.